ಟಿಕೆಟ್‌ಗಿಂತ ಮೊದಲು ಕೊನೆಯ ಬಸ್ಸಿನ ಲೆಕ್ಕ

ಕಾಲೇಜು ಪಂದ್ಯ ಏರ್ಪಡಿಸುವವರಿಗೂ ನೋಡಲು ಹೊರಡುವ ವಿದ್ಯಾರ್ಥಿಗಳಿಗೂ ಒಂದು ಕೈಪಿಡಿ

ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಯ ಕಡೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಯಾವ ಗಾಡಿ ಯಾವುದರ ಹಿಂದೆ, ಯಾರ ಪಾಳಿ ಯಾವಾಗ ಎಂಬುದಕ್ಕೆ ಒಂದು ಲೆಕ್ಕವಿರುತ್ತದೆ. ತೂಕವಾದ ಮೇಲೆ ರೈತನ ಕೈಗೆ ಒಂದು ಚೀಟಿ ಬರುತ್ತದೆ. ಅದರ ಮೇಲೆ ಸಂಖ್ಯೆ, ತಾರೀಖು, ತೂಕ. ಆ ಚೀಟಿ ಹಾಳೆಯ ತುಂಡೇ ಆದರೂ ಮಾಲು ಒಳಗೆ ಹೋಯಿತು, ಎಷ್ಟು ಹೋಯಿತು ಎನ್ನುವುದಕ್ಕೆ ಸಾಕ್ಷಿ. ಅದನ್ನು ರೈತ ಹಣ ಕೈಸೇರುವವರೆಗೂ ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ.

ಅದೇ ಊರಿನ ವಿದ್ಯಾರ್ಥಿ ಆಳಂದಕ್ಕೋ ಕಲಬುರಗಿಗೋ ಅಂತರಕಾಲೇಜು ಕಬಡ್ಡಿ ಫೈನಲ್ ನೋಡಲು ಹೋದಾಗ ಇಂಥ ಲೆಕ್ಕ ಕಾಣಸಿಗುವುದು ಅಪರೂಪ. ಮೈದಾನಕ್ಕೆ ಎಷ್ಟು ಜನ ಬರುತ್ತಾರೆ, ಎಷ್ಟು ಜನ ಕೂರಬಹುದು, ಹುಡುಗಿಯರಿಗೆ ಜಾಗ ಎಲ್ಲಿ, ಎದುರಾಳಿ ಕಾಲೇಜಿನ ಬೆಂಬಲಿಗರು ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಾಗುವುದು ಗದ್ದಲ ಎದ್ದ ಮೇಲೆಯೇ. ಜನ ಒತ್ತುತ್ತ ಒತ್ತುತ್ತ ಅಂಕಣದ ಗೆರೆಯವರೆಗೆ ಬರುತ್ತಾರೆ. ರೆಫರಿ ಸೀಟಿ ಊದಿ ಆಟ ನಿಲ್ಲಿಸುತ್ತಾರೆ. ಹಿಂದೆ ನಿಂತವರಿಗೆ ಆಟಗಾರರ ಬದಲು ಮುಂದಿನವರ ತಲೆಗಳಷ್ಟೇ ಕಾಣುತ್ತವೆ.

ಕಾಲೇಜು ಪಂದ್ಯಕ್ಕೆ ಟಿಕೆಟ್ ಎಂದರೆ 'ಹುಡುಗರ ಹತ್ತಿರವೂ ದುಡ್ಡು ಕೀಳುತ್ತಾರೆಯೇ' ಎಂದು ಹಲವರು ಹುಬ್ಬೇರಿಸುತ್ತಾರೆ. ದುಡ್ಡು ಇಲ್ಲಿ ಮುಖ್ಯವಲ್ಲ. ಟಿಕೆಟ್ ಶೂನ್ಯ ರೂಪಾಯಿಯದೂ ಆಗಬಹುದು. ಅದು ಮಾಡುವ ಕೆಲಸ ಎರಡು: ಬರುವವರನ್ನು ಮೊದಲೇ ಎಣಿಸುತ್ತದೆ, ಬಂದವನಿಗೆ ನಿನಗೊಂದು ಜಾಗವಿದೆ ಎಂದು ಮಾತು ಕೊಡುತ್ತದೆ.

ಲೆಕ್ಕ ತಪ್ಪಿದಾಗ ಆದದ್ದು

2022ರ ಸೆಪ್ಟೆಂಬರ್ 22. ಕಲಬುರಗಿಯ ಜನ ಆಸ್ಪತ್ರೆ, ವ್ಯಾಪಾರ ಎಂದು ಸದಾ ಓಡಾಡುವ ಹೈದರಾಬಾದಿನ ಜೋಡಿ ನಗರ ಸಿಕಂದರಾಬಾದ್. ಮೂರು ದಿನಗಳ ನಂತರ ಹೈದರಾಬಾದಿನ ಉಪ್ಪಲ್‌ನಲ್ಲಿ ನಡೆಯಲಿದ್ದ ಭಾರತ–ಆಸ್ಟ್ರೇಲಿಯಾ ಟಿ20 ಪಂದ್ಯದ ಟಿಕೆಟ್‌ಗಳನ್ನು ಸಿಕಂದರಾಬಾದಿನ ಜಿಮ್ಖಾನಾ ಮೈದಾನದಲ್ಲಿ ನೇರವಾಗಿ ಮಾರಲಾಯಿತು. ಕೌಂಟರಿನಲ್ಲಿದ್ದ ಟಿಕೆಟ್‌ಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ಬೆಳಗಿನಿಂದಲೇ ಪಾಳಿ ಹಚ್ಚಿದ್ದರು. ನೂಕುನುಗ್ಗಲಾಗಿ ಹಲವರು ಗಾಯಗೊಂಡರು. ಪಂದ್ಯ ಇನ್ನೂ ಶುರುವಾಗಿರಲಿಲ್ಲ, ಟಿಕೆಟ್ ಹಂಚುವ ಜಾಗದಲ್ಲೇ ಅನಾಹುತವಾಗಿತ್ತು.

2025ರ ಜನವರಿ 30ರಂದು ದೆಹಲಿಯ ಅರುಣ್ ಜೇಟ್ಲಿ ಕ್ರೀಡಾಂಗಣದಲ್ಲಿ ದೆಹಲಿ–ರೈಲ್ವೇಸ್ ರಣಜಿ ಪಂದ್ಯ. ಹಲವು ವರ್ಷಗಳ ಮೇಲೆ ವಿರಾಟ್ ಕೊಹ್ಲಿ ರಣಜಿ ಆಡಲು ಬಂದಿದ್ದರು. ಪ್ರವೇಶ ಉಚಿತ. ಸಾಮಾನ್ಯವಾಗಿ ಖಾಲಿ ಹೊಡೆಯುವ ರಣಜಿ ಪಂದ್ಯಕ್ಕೆ ಅಂದು ಸಾವಿರಾರು ಜನ ಒಮ್ಮೆಲೇ ಬಂದರು. ಗೇಟಿನ ಬಳಿ ತಳ್ಳಾಟವಾಗಿ ಕೆಲವರಿಗೆ ಪೆಟ್ಟಾಯಿತು. ಆಮೇಲೆ ಇನ್ನಷ್ಟು ಸ್ಟ್ಯಾಂಡ್‌ಗಳನ್ನು ತೆರೆಯಬೇಕಾಯಿತು.

ನಾಲ್ಕು ತಿಂಗಳ ನಂತರ ಬೆಂಗಳೂರಿನಲ್ಲಿ ನಡೆದದ್ದನ್ನು ಕರ್ನಾಟಕ ಮರೆಯುವುದಿಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಗೆದ್ದಿತು. ಮಾರನೆಯ ದಿನವೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ ಇಟ್ಟುಕೊಳ್ಳಲಾಯಿತು. ಉಚಿತ ಪಾಸ್‌ಗಳು ಮಿತವಾಗಿವೆ ಎಂಬ ಸುದ್ದಿ ಜನರಿಗೆ ತಲುಪುವ ಹೊತ್ತಿಗೆ ರಸ್ತೆಗಳು ತುಂಬಿಹೋಗಿದ್ದವು. ಸುಮಾರು 35,000 ಜನ ಹಿಡಿಸುವ ಕ್ರೀಡಾಂಗಣದ ಸುತ್ತ 2 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಗೇಟುಗಳ ಬಳಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು, 50ಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಬಹುಪಾಲು ಯುವಜನರು, ವಿದ್ಯಾರ್ಥಿಗಳೂ ಇದ್ದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗವು ಆ ಕ್ರೀಡಾಂಗಣದ ದ್ವಾರಗಳು ಮತ್ತು ಒಳಹೊರಗಿನ ದಾರಿಗಳು ಭಾರಿ ಜನಸಂದಣಿಗೆ ತಕ್ಕವಲ್ಲ ಎಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣ ವಿಧೇಯಕವನ್ನು ವಿಧಾನಸಭೆಯಲ್ಲಿ ಮಂಡಿಸಿತು.

ತಾಲ್ಲೂಕು ಕಾಲೇಜಿನ ಪಂದ್ಯಕ್ಕೆ ಲಕ್ಷ ಜನ ಬರುವುದಿಲ್ಲ, ನಿಜ. ಆದರೆ ಒಂದೇ ಗೇಟಿನ ಕಾಂಪೌಂಡಿಗೆ ಎಂಟು ನೂರು ಹುಡುಗರು ಒಮ್ಮೆಗೇ ನುಗ್ಗಿದರೂ ಅಪಾಯ ಅದೇ ಜಾತಿಯದು. ಮೂರೂ ಕಡೆ ನೆರೆದವರಿಗೆ ಗೊತ್ತಿರದ ವಿಷಯ ಒಂದೇ: ತಮಗೆ ಒಳಗೆ ಜಾಗವಿದೆಯೋ ಇಲ್ಲವೋ. ಅದನ್ನು ಹಿಂದಿನ ದಿನವೇ ತಿಳಿಸಿಬಿಟ್ಟರೆ ಅರ್ಧ ಜನ ಗೇಟಿನವರೆಗೆ ಬರುವುದೇ ಇಲ್ಲ.

ಮೊದಲ ಕೆಲಸ: ಮೈದಾನ ಅಳೆಯುವುದು

ಟಿಕೆಟ್ ಎಷ್ಟು ಅಚ್ಚು ಹಾಕಿಸಬೇಕು ಎಂಬುದನ್ನು ಮೈದಾನವೇ ಹೇಳಬೇಕು. ಅದಕ್ಕೆ ಅಳತೆ ಟೇಪು, ಸುಣ್ಣದ ಪುಡಿ, ಅರ್ಧ ಗಂಟೆ ಬಿಡುವು ಸಾಕು.

ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ನಿಯಮದ ಪ್ರಕಾರ ಸುತ್ತಲೂ ಕನಿಷ್ಠ 3 ಮೀಟರ್ ಖಾಲಿ ಇರಬೇಕು. ಅಂದರೆ ಆಟಕ್ಕೆ ಮೀಸಲಾದ ಜಾಗ 24 ಮೀಟರ್‌ಗೆ 15 ಮೀಟರ್, ಸುತ್ತಳತೆ 78 ಮೀಟರ್. ಒಂದು ಉದ್ದನೆಯ ಬದಿ, ಅಂದರೆ 24 ಮೀಟರ್, ತಂಡಗಳಿಗೂ ಸ್ಕೋರರ್‌ಗೂ ಹೋಗುತ್ತದೆ. ಉಳಿದದ್ದು 54 ಮೀಟರ್. ಅದರಲ್ಲಿ ಒಂದೊಂದು ಮೀಟರ್ ಅಗಲದ ನಾಲ್ಕು ಓಡಾಟದ ದಾರಿ ಬಿಟ್ಟರೆ 50 ಮೀಟರ್. ಒಬ್ಬರು ಕೂರಲು ಅರ್ಧ ಮೀಟರ್ ಅಗಲ ಹಿಡಿದರೆ ಒಂದು ಸಾಲಿಗೆ 100 ಜನ. ಮುಂದಿನ ಎರಡು ಸಾಲು ಜಮಖಾನದ ಮೇಲೆ, ನಡುವಿನ ಎರಡು ಸಾಲು ಬೆಂಚಿನ ಮೇಲೆ, ಹಿಂದಿನ ಒಂದು ಸಾಲು ನಿಂತು. ಒಟ್ಟು 500. ಆ ಮೈದಾನದ ಟಿಕೆಟ್ ಸಂಖ್ಯೆ ಅದೇ. ಪ್ರಿನ್ಸಿಪಾಲರ ನೆಂಟರು ಬಂದರೂ, ಊರ ಹಿರಿಯರು ಬಂದರೂ ಅವರು ಈ 500ರ ಒಳಗೇ ಬರಬೇಕು.

ಜಾತ್ರೆಯ ಕುಸ್ತಿ ಕಣದಲ್ಲಿ ಹಿರಿಯರು ಈ ಕ್ರಮವನ್ನು ಮೊದಲಿಂದಲೂ ಪಾಲಿಸಿದ್ದಾರೆ. ಮುಂದಿನವರು ನೆಲಕ್ಕೆ ಕೂರಬೇಕು, ಹಿಂದಿನವರು ನಿಲ್ಲಬೇಕು. ಮುಂದೆ ಎದ್ದು ನಿಂತವನನ್ನು ಹಿಂದಿನವರೇ ಕೂರಿಸುತ್ತಾರೆ. ಕಾಲೇಜು ಮೈದಾನದಲ್ಲೂ ಕೂರುವ ಜಾಗವನ್ನು ಸುಣ್ಣದ ಗೆರೆ ಎಳೆದು ತೋರಿಸಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಸಂಜೆಯ ಪಂದ್ಯವಾದರೆ ಪಶ್ಚಿಮಕ್ಕೆ ಬೆನ್ನು ಮಾಡಿ ಕೂರುವಂತೆ ಹೆಚ್ಚಿನ ಸಾಲುಗಳನ್ನು ಹಾಕಬೇಕು. ಕಲಬುರಗಿ ಜಿಲ್ಲೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೆ ಯಾರೂ ಜಾಗದಲ್ಲಿ ನಿಲ್ಲುವುದಿಲ್ಲ, ನೆರಳು ಹುಡುಕಿ ಎದುರು ಸಾಲಿಗೆ ಬಂದು ತುಂಬಿಕೊಳ್ಳುತ್ತಾರೆ.

ಎರಡನೆಯದು: ವಿದ್ಯಾರ್ಥಿಗಳನ್ನೇ ಕೇಳುವುದು

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ವಿದ್ಯಾರ್ಥಿಗಳಿಗೆ ಅಲ್ಲಿ ಪ್ರತ್ಯೇಕ ಭಾಗವಿದೆ. ಹುಡುಗರು ತಡವಾಗಿ ಬರುತ್ತಾರೆ, ಆಟ ಶುರುವಾದಾಗ ಆಸನಗಳು ಖಾಲಿ ಕಾಣುತ್ತವೆ ಎಂದು 2013ರಲ್ಲಿ ಕ್ರೀಡಾ ವಿಭಾಗವು ಆಸನ ಸಂಖ್ಯೆಯನ್ನೇ ತೆಗೆದುಹಾಕಿತು. ಮೊದಲು ಬಂದವರಿಗೆ ಮುಂದಿನ ಜಾಗ. ವಿದ್ಯಾರ್ಥಿಗಳನ್ನು ಸರಿಯಾಗಿ ಕೇಳದೆ ಮಾಡಿದ ಬದಲಾವಣೆ ಅದು. ಗೆಳೆಯರು ಒಟ್ಟಿಗೆ ಕೂರುವಂತಿಲ್ಲ, ಗಂಟೆಗಟ್ಟಲೆ ಮುಂಚೆ ಬಂದು ನಿಲ್ಲಬೇಕು ಎಂದು ಅಸಮಾಧಾನ ಎದ್ದಿತು. ವಿದ್ಯಾರ್ಥಿ ಸಂಘ ತಾನೇ ಸಮೀಕ್ಷೆ ಮಾಡಿತು. ಬಹುಪಾಲು ವಿದ್ಯಾರ್ಥಿಗಳು ಹೊಸ ಪದ್ಧತಿ ಬೇಡವೆಂದರು. ಆ ಅಂಕಿಗಳನ್ನು ಹಿಡಿದು ಸಂಘದವರು ಮಾತುಕತೆಗೆ ಕುಳಿತರು. 2014ಕ್ಕೆ ಕಾದಿರಿಸಿದ ಆಸನ ಮರಳಿತು, ಪಂದ್ಯಗಳಿಗೆ ತಪ್ಪದೆ ಬಂದವರಿಗೆ ಆದ್ಯತೆ ಸಿಕ್ಕಿತು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. 2014ರಲ್ಲಿ ಇಡೀ ಋತುವಿನ ವಿದ್ಯಾರ್ಥಿ ಟಿಕೆಟ್ ಬೆಲೆ 295 ಡಾಲರ್ ಇತ್ತು. ಕೊಳ್ಳುವವರ ಸಂಖ್ಯೆ ಸಾವಿರಗಳ ಲೆಕ್ಕದಲ್ಲಿ ಕುಸಿಯಿತು. ಮುಂದಿನ ವರ್ಷಕ್ಕೆ ಬೆಲೆಯನ್ನು 175 ಡಾಲರ್‌ಗೆ ಇಳಿಸಲಾಯಿತು. ಆಸನ, ಬೆಲೆ, ಎರಡರಲ್ಲೂ ತಿದ್ದುಪಡಿ ಬಂದದ್ದು ವಿದ್ಯಾರ್ಥಿಗಳು ಲೆಕ್ಕವಿಟ್ಟು ಒಟ್ಟಾಗಿ ಕೇಳಿದ್ದರಿಂದ.

ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳಲ್ಲಿ ಇಂಥ ಸಮೀಕ್ಷೆಗೆ ಖರ್ಚೇನೂ ಬೀಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರಶ್ನೆ ಹಾಕಿದರೆ ಉತ್ತರ ಕೊಡುವವರು ಆಟದ ಹುಚ್ಚು ಇರುವವರು ಮಾತ್ರ. ಸ್ವಂತ ಫೋನಿಲ್ಲದ ಹುಡುಗಿ, ಹೊಲದ ಕೆಲಸ ಮುಗಿಸಿ ಬರುವ ಹುಡುಗ ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಹಾಜರಿ ಪುಸ್ತಕ ತೆಗೆದು ಪ್ರತಿ ಹತ್ತನೆಯ ಹೆಸರನ್ನು ಗುರುತು ಮಾಡಿಕೊಂಡು ಅವರನ್ನೇ ಕೇಳಬೇಕು. ಹೀಗೆ ಆರಿಸಿದ 100 ಜನರಲ್ಲಿ 60 ಮಂದಿ ಬರುತ್ತೇವೆ ಎಂದರೆ ಇಡೀ ಕಾಲೇಜಿನಲ್ಲಿ ಆ ಪ್ರಮಾಣ ಶೇ 50ರಿಂದ 70ರ ನಡುವೆ ಇದೆ ಎಂದು ತಿಳಿಯಬಹುದು. 400 ಜನರನ್ನು ಕೇಳಿದರೆ ಆ ಅಂತರ ಶೇ 55ರಿಂದ 65ಕ್ಕೆ ಇಳಿಯುತ್ತದೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ನೂರು ಜನರೇ ಸಾಕು.

ಪ್ರಶ್ನೆಗಳು ಎಂಟಕ್ಕಿಂತ ಹೆಚ್ಚಿರಬಾರದು, ಎಲ್ಲವೂ ಕನ್ನಡದಲ್ಲಿರಬೇಕು:

1. ಹೋದ ವರ್ಷ ಎಷ್ಟು ಪಂದ್ಯ ನೋಡಿದಿರಿ?
2. ನೋಡದಿದ್ದರೆ ಕಾರಣವೇನು: ಬಸ್, ಹೊತ್ತು, ಹಣ, ಮನೆಯವರ ಒಪ್ಪಿಗೆ, ಕೂರಲು ಜಾಗ?
3. ಯಾವ ಊರಿನಿಂದ ಬರುತ್ತೀರಿ, ಊರಿಗೆ ಕೊನೆಯ ಬಸ್ ಎಷ್ಟಕ್ಕೆ?
4. ಯಾವ ಆಟ ನೋಡಬೇಕೆನಿಸುತ್ತದೆ?
5. ಒಬ್ಬರೇ ಬರುತ್ತೀರೋ, ಗೆಳೆಯರ ಜೊತೆಗೋ? ಎಷ್ಟು ಜನ?
6. ಎಷ್ಟು ರೂಪಾಯಿವರೆಗೆ ಕೊಡಬಲ್ಲಿರಿ?
7. ಚೀಟಿ ಕಾಲೇಜಿನಲ್ಲಿ ಸಿಗಬೇಕೋ, ಮೊಬೈಲಿಗೆ ಬರಬೇಕೋ?
8. ಮೈದಾನದಲ್ಲಿ ನಿಮಗೆ ತೊಂದರೆ ಎನಿಸಿದ ಒಂದು ಸಂಗತಿ ಬರೆಯಿರಿ.

ಎಂಟನೆಯ ಪ್ರಶ್ನೆಗೆ ಹೆಸರು ಬರೆಸದಿದ್ದರೆ ನಿಜ ಹೊರಬೀಳುತ್ತದೆ. ಶೌಚಾಲಯ ದೂರ, ಕೀಟಲೆ ಮಾಡುತ್ತಾರೆ, ಕುಡಿಯಲು ನೀರಿಲ್ಲ ಎಂಬ ಉತ್ತರಗಳನ್ನು ಯಾವ ಹುಡುಗಿಯೂ ತರಗತಿಯಲ್ಲಿ ಕೈಯೆತ್ತಿ ಹೇಳುವುದಿಲ್ಲ. ಉತ್ತರ ಪತ್ರಗಳನ್ನು ಹುಡುಗ, ಹುಡುಗಿ, ಹಾಸ್ಟೆಲ್, ಹಳ್ಳಿ ಎಂದು ನಾಲ್ಕು ಕಟ್ಟು ಮಾಡಿ ಬೇರೆಬೇರೆ ಎಣಿಸಬೇಕು. ಒಟ್ಟು ಎಣಿಕೆಯಲ್ಲಿ ಅಡಗಿಹೋಗುವ ತೊಂದರೆಗಳು ಈ ಕಟ್ಟುಗಳಲ್ಲಿ ಎದ್ದು ಕಾಣುತ್ತವೆ.

'ಮನಿಗಿ ಹ್ಯಾಂಗ್ ಹೋಗ್ಬೇಕ್ರಿ?'

ಮೂರನೆಯ ಪ್ರಶ್ನೆಯೇ ಈ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡದು. ಹಳ್ಳಿಯ ವಿದ್ಯಾರ್ಥಿಗೆ ಪಂದ್ಯದ ಖರ್ಚು ಅಂದರೆ ಟಿಕೆಟ್ ಅಲ್ಲ, ದಾರಿ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿದ್ಯಾರ್ಥಿ ಪಾಸ್ ಮನೆಯಿಂದ ಕಾಲೇಜಿನವರೆಗಿನ ದಾರಿಗೆ ಮಾತ್ರ. ಆಳಂದದಲ್ಲಿ ಓದುವ ಭೂಸನೂರಿನ ಹುಡುಗ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಪಂದ್ಯ ನೋಡಬೇಕೆಂದರೆ ಪಾಸಿನ ದಾರಿ ಮುಗಿದಲ್ಲಿಂದ ಮುಂದಕ್ಕೆ ಪೂರ್ತಿ ದರ ಕೊಡಬೇಕು. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ ಪ್ರಯಾಣ ಉಚಿತ. ಹಾಗಾಗಿ ಅವರನ್ನು ತಡೆಯುವುದು ಹಣಕ್ಕಿಂತ ಹೆಚ್ಚಾಗಿ ಹೊತ್ತು.

ಹೀಗಾಗಿ ಪಂದ್ಯದ ಹೊತ್ತನ್ನು ಕೊನೆಯ ಬಸ್ಸಿನಿಂದ ಹಿಂದಕ್ಕೆ ಎಣಿಸಬೇಕು. ಬಸ್ ಸಂಜೆ 7:30ಕ್ಕೆ ಎಂದುಕೊಳ್ಳೋಣ. ಮೈದಾನದಿಂದ ನಿಲ್ದಾಣಕ್ಕೆ ಅರ್ಧ ಗಂಟೆ, ಅಂದರೆ 7:00ಕ್ಕೆ ಗೇಟು ದಾಟಿರಬೇಕು. ಜನ ಹೊರಬರಲು 15 ನಿಮಿಷ. ಬಹುಮಾನ ವಿತರಣೆಗೆ ಅರ್ಧ ಗಂಟೆ. ಅಲ್ಲಿಗೆ 6:15 ಆಯಿತು. ಪುರುಷರ ಕಬಡ್ಡಿಗೆ ತಲಾ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಟೈಮ್‌ಔಟ್, ಗಾಯ, ತಕರಾರು ಎಲ್ಲ ಸೇರಿಸಿ ಒಂದೂಕಾಲು ಗಂಟೆ ಇಟ್ಟುಕೊಂಡರೆ ಫೈನಲ್ 5:00ಕ್ಕೆ ಶುರುವಾಗಲೇಬೇಕು. ವಾಲಿಬಾಲ್ ಐದು ಸೆಟ್‌ವರೆಗೆ ಹೋಗಬಹುದಾದ್ದರಿಂದ ಎರಡು ಗಂಟೆ ಹಿಡಿದು 4:15ಕ್ಕೆ ಆರಂಭಿಸುವುದು ಒಳ್ಳೆಯದು. ಅತಿಥಿಗಳ ಭಾಷಣವನ್ನು ಫೈನಲ್‌ಗೆ ಮುಂಚೆ ಮುಗಿಸಿ ಆಟದ ನಂತರ ಕಪ್ ಮಾತ್ರ ಕೊಟ್ಟರೆ ಅರ್ಧ ಗಂಟೆಯೂ ಉಳಿಯುತ್ತದೆ. ಈ ಲೆಕ್ಕ ಮಾಡದ ಮೈದಾನದಲ್ಲಿ ಸಂಜೆ ಆರಕ್ಕೆ ಹುಡುಗಿಯರ ಸಾಲು ಖಾಲಿಯಾಗುತ್ತದೆ. ಅವರಿಗೆ ಆಟ ಬೇಡವಾಗಿತ್ತು ಎಂದು ಯಾರಾದರೂ ತಿಳಿದರೆ ಅದು ದೊಡ್ಡ ಅನ್ಯಾಯ.

ದೊಡ್ಡ ಪಂದ್ಯವಿದ್ದರೆ ಪ್ರಿನ್ಸಿಪಾಲರ ಪತ್ರದೊಂದಿಗೆ ಬಸ್ ಡಿಪೋ ವ್ಯವಸ್ಥಾಪಕರನ್ನು ಒಂದು ವಾರ ಮುಂಚೆ ಕಾಣಬೇಕು. ಊರುವಾರು ಎಷ್ಟು ಜನ ಮರಳುತ್ತಾರೆ ಎಂಬ ಪಟ್ಟಿ ಕೈಯಲ್ಲಿದ್ದರೆ ಹೆಚ್ಚುವರಿ ಬಸ್ ಕೇಳಲು ಬಲ ಬರುತ್ತದೆ. ಆ ಪಟ್ಟಿ ಸಿಗುವುದು ಸಮೀಕ್ಷೆಯಿಂದ ಮತ್ತು ಟಿಕೆಟ್ ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ಅಡ್ಡಹಾಳೆಯಿಂದ.

ಅಂಗೈ ಅಗಲದ ಚೀಟಿ

ಆ ಟಿಕೆಟ್ ಹೇಗಿರಬೇಕು? ಆ್ಯಪ್ ಬೇಕಿಲ್ಲ. ಅಚ್ಚಿನ ಅಂಗಡಿಯಲ್ಲಿ ರಸೀದಿ ಪುಸ್ತಕ ಮಾಡಿಸುವಂತೆ ಐವತ್ತು ಹಾಳೆಯ ಹತ್ತು ಪುಸ್ತಕ ಮಾಡಿಸಿದರೆ 500 ಟಿಕೆಟ್ ಆಯಿತು. ಪ್ರತಿ ಹಾಳೆ ನಡುವೆ ತೂತಿನ ಗೆರೆ. ಎಡಗಡೆಯ ಅಡ್ಡಹಾಳೆ ಪುಸ್ತಕದಲ್ಲೇ ಉಳಿಯುತ್ತದೆ, ಅದರಲ್ಲಿ ಸಂಖ್ಯೆ, ವಿದ್ಯಾರ್ಥಿಯ ಹೆಸರು, ತರಗತಿ, ಊರು. ಬಲಗಡೆಯದು ವಿದ್ಯಾರ್ಥಿಯ ಕೈಗೆ: ಅದೇ ಸಂಖ್ಯೆ, ಹೆಸರು, ಪಂದ್ಯ, ತಾರೀಖು, ಗೇಟು, ಸಾಲು, 'ಇಷ್ಟು ಹೊತ್ತಿನೊಳಗೆ ಬನ್ನಿ' ಎಂಬ ಸಮಯ. ಮೇಲೆ ಕಾಲೇಜಿನ ಸೀಲು ಅರ್ಧ ಅಡ್ಡಹಾಳೆಗೂ ಅರ್ಧ ಚೀಟಿಗೂ ಬೀಳುವಂತೆ ಒತ್ತಬೇಕು. ನಕಲಿ ಚೀಟಿ ತಂದವನ ಸೀಲು ಪುಸ್ತಕದ ಅರ್ಧಕ್ಕೆ ಕೂಡುವುದಿಲ್ಲ. ತೂಕದ ಚೀಟಿ ನೋಡಿದ ರೈತನ ಮಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಣ್ಣಗಳೂ ಕೆಲಸ ಮಾಡುತ್ತವೆ. ಆತಿಥೇಯ ಕಾಲೇಜಿಗೆ ಹಳದಿ, ಎದುರಾಳಿ ಕಾಲೇಜಿಗೆ ನೀಲಿ, ಉಳಿದವರಿಗೆ ಬಿಳಿ. ಗೇಟಿನಲ್ಲಿ ನಿಂತ ಎನ್‌ಎಸ್‌ಎಸ್ ಸ್ವಯಂಸೇವಕ ಓದದೆಯೇ ದಾರಿ ತೋರಿಸಬಹುದು.

ಮೊಬೈಲಿಗೆ ಕ್ಯೂಆರ್ ಕೋಡ್ ಕಳಿಸುವ ಕಾಲೇಜುಗಳು ಒಂದನ್ನು ನೆನಪಿಡಬೇಕು. ಒಂದು ಕೋಡಿನ ಸ್ಕ್ರೀನ್‌ಶಾಟ್ ಹತ್ತು ಫೋನಿಗೆ ಹೋಗಲು ಹತ್ತು ಸೆಕೆಂಡ್ ಸಾಕು. ಒಮ್ಮೆ ಸ್ಕ್ಯಾನ್ ಆದ ಕೋಡ್ ಮತ್ತೆ ನಡೆಯದಂತೆ ಇರಬೇಕು, ಜೊತೆಗೆ ಕಾಲೇಜು ಗುರುತಿನ ಚೀಟಿ ನೋಡಬೇಕು. ಆಧಾರ್ ಪ್ರತಿ ಕೇಳುವ ಅಗತ್ಯವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಪಿಯುಸಿ ವಿದ್ಯಾರ್ಥಿಗಳಲ್ಲಿ ಬಹುತೇಕರು ಆ ವಯಸ್ಸಿನವರೇ. ಹೆಸರು, ತರಗತಿ, ಊರು ಇಷ್ಟೇ ಸಾಕು.

ಯಾರಿಗೆ ಎಷ್ಟು

500 ಜಾಗಗಳನ್ನು ಹಂಚುವ ಒಂದು ಮಾದರಿ ಹೀಗಿದೆ: ಆತಿಥೇಯ ಕಾಲೇಜಿಗೆ 250, ಎದುರಾಳಿ ಕಾಲೇಜಿಗೆ 150, ಆಟಗಾರರ ಮನೆಯವರಿಗೆ 40, ಅಂಗವಿಕಲ ವಿದ್ಯಾರ್ಥಿಗಳಿಗೂ ಅವರ ಜೊತೆಗಾರರಿಗೂ 10, ಊರಿನವರಿಗೆ 50. ಎರಡೂ ಕಾಲೇಜುಗಳ ಪಾಲಿನಲ್ಲಿ ಹುಡುಗಿಯರ ಸಂಖ್ಯೆಗೆ ತಕ್ಕಷ್ಟು ಸಾಲುಗಳನ್ನು ಗೇಟಿಗೂ ಶೌಚಾಲಯಕ್ಕೂ ಹತ್ತಿರ ಕಾದಿಡಬೇಕು. ಅಂಗವಿಕಲರ ಜಾಗ ಮೊದಲ ಸಾಲಿನಲ್ಲೇ ಇರಲಿ, ಗಾಲಿಕುರ್ಚಿ ಬರುವ ದಾರಿಯಲ್ಲಿ ಹಗ್ಗ, ಕಲ್ಲು ಇರಬಾರದು. ಮನೆಯವರ 40 ಟಿಕೆಟ್ ಬಿಡಲೇಬಾರದು. ಮಗಳು ಕಬಡ್ಡಿ ಆಡುವುದನ್ನು ಅಪ್ಪ–ಅವ್ವ ಒಮ್ಮೆ ಕಣ್ಣಾರೆ ನೋಡಿದರೆ ಮರುವರ್ಷ ಶಿಬಿರಕ್ಕೆ ಕಳಿಸಲು ಅವರೇ ಮುಂದಾಗುತ್ತಾರೆ.

ಬೇಡಿಕೆ ಹೆಚ್ಚಾದರೆ? ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿ ಕಾಲೇಜಿನ ಹತ್ತಿರ ಇರುವವರಿಗೆ ಅನುಕೂಲ. ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸಿಳಿಯುವ ಹುಡುಗನಿಗೆ ಪುಸ್ತಕ ಖಾಲಿಯಾಗಿರುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ನೋಡಲು ವಿದ್ಯಾರ್ಥಿಗಳು ಚಳಿಯಲ್ಲಿ ವಾರಗಟ್ಟಲೆ ಡೇರೆ ಹಾಕಿ ಪಾಳಿ ಕಾಯುತ್ತಾರೆ. 1986ರಲ್ಲಿ ಶುರುವಾದ ಆ ರೂಢಿಗೆ ವಿದ್ಯಾರ್ಥಿಗಳೇ ನಿಯಮ ಬರೆದಿದ್ದಾರೆ, ವಿದ್ಯಾರ್ಥಿಗಳೇ ಪಾಳಿಯ ಮೇಲ್ವಿಚಾರಕರು. ಅಲ್ಲಿ ಅದು ಹಬ್ಬವಾಗಿದೆ, ಏಕೆಂದರೆ ಅವರಲ್ಲಿ ಬಹುಪಾಲು ಮಂದಿ ಇರುವುದು ಆವರಣದ ಹಾಸ್ಟೆಲುಗಳಲ್ಲಿ. ದಿನಾ ಬಸ್ಸಿನಲ್ಲಿ ಬಂದುಹೋಗುವವರ ಕಾಲೇಜಿಗೆ ಚೀಟಿ ಎತ್ತುವುದೇ ನ್ಯಾಯ. ಮೂರು ದಿನ ಹೆಸರು ಬರೆಸಿಕೊಂಡು, ನಾಲ್ಕನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೆದುರು ಡಬ್ಬಿಯಿಂದ ಚೀಟಿ ಎತ್ತಿ, ಸಿಕ್ಕವರ ಮತ್ತು ಕಾಯುವವರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಬೇಕು. ಒಟ್ಟಿಗೆ ಕೂರಬೇಕೆನ್ನುವ ನಾಲ್ಕು ಗೆಳತಿಯರು ಒಂದೇ ಚೀಟಿಯಲ್ಲಿ ನಾಲ್ಕು ಹೆಸರು ಬರೆಯಲು ಅವಕಾಶವಿರಲಿ.

ಉಚಿತವೋ, ಹತ್ತು ರೂಪಾಯಿಯೋ

ಉಚಿತ ಟಿಕೆಟ್‌ಗೆ ಒಂದು ಕೊರತೆಯಿದೆ. ತೆಗೆದುಕೊಂಡವರೆಲ್ಲ ಬರುವುದಿಲ್ಲ. ಒಳಗೆ ಜಾಗ ಖಾಲಿ, ಹೊರಗೆ ಬೇಕೆನ್ನುವವರು ನಿಂತಿರುತ್ತಾರೆ. ಇದಕ್ಕೊಂದು ಸರಳ ಉಪಾಯ: ಹತ್ತು ರೂಪಾಯಿ ಠೇವಣಿ ಇಟ್ಟು ಚೀಟಿ ಒಯ್ಯುವುದು, ಗೇಟಿನಲ್ಲಿ ಚೀಟಿ ತೋರಿಸಿದಾಗ ಹತ್ತು ರೂಪಾಯಿ ವಾಪಸ್ ಪಡೆಯುವುದು. ಠೇವಣಿಯೂ ಕಷ್ಟವೆನ್ನುವವರಿಗೆ ತರಗತಿ ಅಧ್ಯಾಪಕರ ಸಹಿ ಸಾಕು. ಆಟ ಶುರುವಾಗಲು 15 ನಿಮಿಷವಿದ್ದಾಗ ಬಾರದವರ ಜಾಗಗಳನ್ನು ಕಾಯುವವರ ಪಟ್ಟಿಯ ಕ್ರಮದಲ್ಲಿ ಬಿಟ್ಟುಕೊಡಬೇಕು. ಈ ನಿಯಮವನ್ನು ಚೀಟಿಯ ಮೇಲೇ ಅಚ್ಚು ಹಾಕಿಸಿದ್ದರೆ ತಡವಾಗಿ ಬಂದವರು ಜಗಳ ತೆಗೆಯುವಂತಿಲ್ಲ.

ಹಣ ಪಡೆಯುವುದೇ ಆದರೆ ಬೆಲೆ ಇಳಿಸಿ ಯಾರನ್ನು ಕರೆತರಬೇಕು ಎಂಬುದು ಮೊದಲೇ ಸ್ಪಷ್ಟವಿರಬೇಕು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಮುಂಬೈಯಲ್ಲಿ ಮೊದಲ ಬಾರಿ ನಡೆದಾಗ ಹೆಣ್ಣುಮಕ್ಕಳಿಗೆ ಪ್ರವೇಶ ಉಚಿತ ಮಾಡಿದ್ದರು. ಗ್ಯಾಲರಿಗಳಲ್ಲಿ ತಾಯಂದಿರೂ ಶಾಲೆಯ ಹುಡುಗಿಯರೂ ತುಂಬಿಕೊಂಡರು. ತಾಲ್ಲೂಕು ಕಾಲೇಜೂ ಊರಿನವರಿಗೆ 20 ರೂಪಾಯಿ, ವಿದ್ಯಾರ್ಥಿಗೆ 5, ವಿದ್ಯಾರ್ಥಿನಿಗೆ ಉಚಿತ ಎಂದಿಡಬಹುದು. 500 ರೂಪಾಯಿವರೆಗಿನ ಕ್ರೀಡಾ ಪ್ರವೇಶ ಟಿಕೆಟ್‌ಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ತೆರಿಗೆಯ ಗೋಜಿಲ್ಲ. ಯುಪಿಐ ಕ್ಯೂಆರ್ ಮಾತ್ರ ಕಾಲೇಜಿನ ಖಾತೆಯದೇ ಆಗಿರಬೇಕು, ಯಾವ ವ್ಯಕ್ತಿಯ ಫೋನ್ ಸಂಖ್ಯೆಯದೂ ಆಗಬಾರದು. ಪಂದ್ಯ ಮುಗಿದ ವಾರದೊಳಗೆ ಎಷ್ಟು ಟಿಕೆಟ್ ಹೋಯಿತು, ಎಷ್ಟು ಹಣ ಬಂತು, ನೀರು–ಶಾಮಿಯಾನ–ಚೆಂಡಿಗೆ ಎಷ್ಟು ಹೋಯಿತು ಎಂಬ ಒಂದು ಪುಟದ ಲೆಕ್ಕ ಸೂಚನಾ ಫಲಕದಲ್ಲಿ ಕಾಣಬೇಕು.

ಗೇಟಿನ ಹತ್ತು ಸೆಕೆಂಡ್

ಬ್ರಿಟನ್ನಿನ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ 1971ರ ಜನವರಿ 2ರಂದು ಮೆಟ್ಟಿಲ ಮೇಲಿನ ನೂಕಾಟದಲ್ಲಿ 66 ಜನ ಸತ್ತರು. ಆ ದುರಂತದ ನಂತರ 1973ರಲ್ಲಿ ಅಲ್ಲಿ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿಯೊಂದು ಬಂತು. ತಿರುಗುವ ಗೇಟಿನಲ್ಲಿ ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಲೆಕ್ಕ ಹಿಡಿಯಬೇಕೆಂದು ಆ ಕೈಪಿಡಿ ಹೇಳುತ್ತದೆ. ಚೀಟಿ, ಗುರುತಿನ ಚೀಟಿ ಎರಡನ್ನೂ ಕಣ್ಣಿನಿಂದ ನೋಡಿ ಬಿಡುವ ಕಾಲೇಜು ಗೇಟಿನಲ್ಲಿ ಒಬ್ಬರಿಗೆ ಹತ್ತು ಸೆಕೆಂಡ್ ಬೇಕಾದರೆ ಗಂಟೆಗೆ 360 ಜನ. 500 ಜನ ಒಳಬರಲು ಒಂದೇ ಗೇಟಿನಲ್ಲಿ 83 ನಿಮಿಷ, ಎರಡು ಗೇಟಾದರೆ 42 ನಿಮಿಷ. ಐದು ಗಂಟೆಯ ಪಂದ್ಯಕ್ಕೆ ನಾಲ್ಕಕ್ಕೆ ಎರಡೂ ಗೇಟು ತೆರೆದಿರಬೇಕು ಎಂಬುದು ಇದರಿಂದ ತಿಳಿಯುತ್ತದೆ. ಹಿಂದಿನ ದಿನ ಇಪ್ಪತ್ತು ಗೆಳೆಯರನ್ನು ನಿಲ್ಲಿಸಿ ಗಡಿಯಾರ ಹಿಡಿದು ನೋಡಿದರೆ ಕಾಲೇಜಿನ ಸ್ವಂತ ಅಂಕಿಯೇ ಸಿಗುತ್ತದೆ.

ಒಳಬರುವ ಗೇಟು, ಹೊರಹೋಗುವ ಗೇಟು ಬೇರೆಯಿರಲಿ. ಆಟ ನಡೆಯುವಾಗ ಹೊರಗೇಟಿಗೆ ಬೀಗ ಹಾಕಬಾರದು, ಅದರ ಮುಂದೆ ಬೈಕು, ಪಾನಿಪುರಿ ಗಾಡಿ ನಿಲ್ಲಬಾರದು. ಟಿಕೆಟ್ ಮುಗಿದ ಕೂಡಲೇ 'ಮುಗಿದಿದೆ, ಬರಬೇಡಿ' ಎಂದು ಫಲಕದಲ್ಲೂ ವಾಟ್ಸ್ಆ್ಯಪ್‌ನಲ್ಲೂ ಹಾಕಬೇಕು. ಸ್ಥಳೀಯ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿ, ಆಂಬುಲೆನ್ಸ್‌ನ 108 ಮತ್ತು ತುರ್ತು ಸಹಾಯದ 112 ಸಂಖ್ಯೆಗಳನ್ನು ಗೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆಸಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2014ರಲ್ಲಿ ಜನ ಸೇರುವ ಕಾರ್ಯಕ್ರಮಗಳಿಗೆಂದೇ ಮಾರ್ಗದರ್ಶಿ ಹೊರತಂದಿದೆ. ದೈಹಿಕ ಶಿಕ್ಷಣ ನಿರ್ದೇಶಕರ ಮೇಜಿನ ಮೇಲೆ ಅದರದೊಂದು ಪ್ರತಿ ಇರಬೇಕು.

ನೋಡಲು ಹೊರಟವರಿಗೆ

ವಿದ್ಯಾರ್ಥಿಗಳೂ ಕೆಲವನ್ನು ರೂಢಿಸಿಕೊಳ್ಳಬೇಕು. ಟಿಕೆಟ್ ಯಾರು ಕೊಡುತ್ತಿದ್ದಾರೆ ಎಂಬುದನ್ನು ಕಾಲೇಜಿನ ಫಲಕದಲ್ಲೋ ಸಂಘಟಕರ ಅಧಿಕೃತ ಖಾತೆಯಲ್ಲೋ ನೋಡಿಯೇ ಹಣ ಕೊಡಬೇಕು. ಯಾರೋ ಕಳಿಸಿದ ಲಿಂಕ್ ಒತ್ತಬಾರದು. ದೊಡ್ಡ ಊರಿನ ಪಂದ್ಯಕ್ಕೆ 'ಉಚಿತ ಪ್ರವೇಶ' ಎಂಬ ಸುದ್ದಿ ಬಂದರೆ ಪಾಸ್ ಬೇಕೋ, ಎಷ್ಟು ಪಾಸ್, ಎಲ್ಲಿ ಎಂಬ ಮೂರು ಉತ್ತರ ಸಿಗುವವರೆಗೆ ಬಸ್ ಹತ್ತಬಾರದು. ಗೇಟಿನ ಬಳಿ ಉಸಿರುಕಟ್ಟುವಷ್ಟು ಜನವಿದ್ದರೆ ಮುಂದಕ್ಕೆ ತಳ್ಳದೆ ಬದಿಗೆ ಸರಿದು ಹೊರಬರಬೇಕು, ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿದರೆ ಉಸಿರಾಡಲು ಜಾಗ ಉಳಿಯುತ್ತದೆ. ಬರಲಾಗದಿದ್ದರೆ ಹಿಂದಿನ ದಿನವೇ ಚೀಟಿ ವಾಪಸ್ ಕೊಡಬೇಕು. ಕಾಯುವವರ ಪಟ್ಟಿಯಲ್ಲಿರುವ ಒಬ್ಬರಿಗೆ ಅದು ಸಿಗುತ್ತದೆ.

ಪಂದ್ಯ ಮುಗಿದ ಮಾರನೆಯ ದಿನ ಕ್ರೀಡಾ ಕಾರ್ಯದರ್ಶಿ ಒಂದು ನೋಟ್‌ಬುಕ್ ತೆರೆದು ಆರು ಅಂಕಿ ಬರೆಯಬೇಕು: ಕೊಟ್ಟ ಟಿಕೆಟ್ ಎಷ್ಟು, ಬಂದವರು ಎಷ್ಟು, ಅವರಲ್ಲಿ ಹುಡುಗಿಯರು ಎಷ್ಟು, ಕೊನೆಯವನು ಒಳಬರುವಷ್ಟರಲ್ಲಿ ಎಷ್ಟು ಹೊತ್ತಾಯಿತು, ಕಾಯುವವರ ಪಟ್ಟಿಯಿಂದ ಎಷ್ಟು ಜನರಿಗೆ ಜಾಗ ಸಿಕ್ಕಿತು, ಕೊನೆಯ ಬಸ್ ತಪ್ಪಿದವರು ಎಷ್ಟು. 500 ಕೊಟ್ಟು 380 ಮಂದಿ ಬಂದಿದ್ದರೆ ಶೇ 24 ಜಾಗ ವ್ಯರ್ಥವಾಗಿದೆ, ಠೇವಣಿಯ ನಿಯಮ ಬೇಕು. ಹುಡುಗಿಯರು ಬಂದೂ ಆರಕ್ಕೆ ಎದ್ದುಹೋಗಿದ್ದರೆ ಪಂದ್ಯ ಅರ್ಧ ಗಂಟೆ ಮುಂಚೆ ಶುರುವಾಗಬೇಕು. ಅಡ್ಡಹಾಳೆಯಲ್ಲಿ 'ಭೂಸನೂರ' ಎಂದು ಬರೆಸಿದವರು ಹನ್ನೆರಡು ಜನರಿದ್ದು ಆರನೆಯ ಅಂಕಿಯಲ್ಲಿ ಅವರೇ ಇದ್ದರೆ, ಮುಂದಿನ ಪಂದ್ಯದ ತಾರೀಖು ಗೊತ್ತುಮಾಡುವ ಮೊದಲು ಕಾರ್ಯದರ್ಶಿ ಆ ನೋಟ್‌ಬುಕ್ ಹಿಡಿದು ಬಸ್ ಡಿಪೋಗೆ ಹೋಗಬೇಕು.